ಅನಾನಸ್ಸೋ, ಟನ್ನೋ? ಹೈಸನ್‌ಬರ್ಗ್ ಮತ್ತು ಜರ್ಮನಿ ಮಾಡದ ಬಾಂಬು

ಫಿಸಿಕ್ಸ್ ಸೈಕಲ್ ಮುಗಿಸಿರೋ ಎಲ್ಲರಿಗೂ ವರ್ನರ್ ಹೈಸನ್‌ಬರ್ಗ್ ಪರಿಚಯ ಇದೆ. ನ್ಯೂಕ್ಲಿಯಸ್ ಒಳಗೆ ಎಲೆಕ್ಟ್ರಾನ್ ಇರೋಕೆ ಸಾಧ್ಯವಿಲ್ಲ ಅಂತ ಅನಿಶ್ಚಿತತಾ ತತ್ವದಿಂದ ಸಾಧಿಸಿ ಅನ್ನೋ ಪ್ರಶ್ನೆಗೆ ಉತ್ತರ ಬರೆದು ಮಾರ್ಕ್ಸ್ ತಗೊಂಡವರೇ ನಾವೆಲ್ಲ. ಇನ್ನು ಕೆಲವರಿಗೆ ಬ್ರೇಕಿಂಗ್ ಬ್ಯಾಡ್ ಸೀರೀಸ್‌ನ ಕಪ್ಪು ಟೋಪಿಯ ಕೆಮಿಸ್ಟ್ರಿ ಮೇಷ್ಟ್ರು ಇಟ್ಟುಕೊಂಡ ಹೆಸರಾಗಿ ಗೊತ್ತು. ಆದರೆ ಆ ತತ್ವ ಬರೆದ 12 ವರ್ಷಕ್ಕೆ ಇದೇ ಮನುಷ್ಯ ಹಿಟ್ಲರನ ಸೈನ್ಯದ ಯುರೇನಿಯಂ ಪ್ರಾಜೆಕ್ಟ್‌ನಲ್ಲಿ ಕೂತಿದ್ದ ಅನ್ನೋದನ್ನ ನಮ್ಮ ಟೆಕ್ಸ್ಟ್‌ಬುಕ್ ಹೇಳಲ್ಲ.

ಓಪನ್‌ಹೈಮರ್ ಸಿನಿಮಾ ನೋಡಿದವರಿಗೆ ನೆನಪಿರಬಹುದು, ಲಾಸ್ ಅಲಾಮೋಸ್‌ನಲ್ಲಿ ಎಲ್ಲರನ್ನೂ ಓಡಿಸ್ತಾ ಇದ್ದದ್ದು ಒಂದು ಭಯ. ಜರ್ಮನಿಯವರು ಮೊದಲು ಶುರು ಮಾಡಿದ್ದಾರೆ, ಅವರ ಹತ್ತಿರ ಹೈಸನ್‌ಬರ್ಗ್ ಇದ್ದಾನೆ ಅನ್ನೋ ಭಯ. ಹಾಗಾದರೆ ಜರ್ಮನಿ ನಿಜಕ್ಕೂ ಎಷ್ಟು ದೂರ ಬಂದಿತ್ತು? ಯುದ್ಧ ಮುಗಿದು 80 ವರ್ಷ ಆದರೂ ಈ ಜಗಳ ನಿಂತಿಲ್ಲ. ಹೈಸನ್‌ಬರ್ಗ್ ಬೇಕಂತಲೇ ಬಾಂಬು ಮಾಡಲಿಲ್ಲ ಅನ್ನೋರು ಒಂದು ಕಡೆ. ಅವನಿಗೆ ಮಾಡೋಕೆ ಬರ್ತಾ ಇರಲಿಲ್ಲ ಅನ್ನೋರು ಇನ್ನೊಂದು ಕಡೆ. ಬಾಂಬು ಮಾಡಿ ಟೆಸ್ಟೂ ಮಾಡಿದ್ದರು, ಮುಚ್ಚಿಟ್ಟಿದ್ದಾರೆ ಅಷ್ಟೇ ಅನ್ನೋ ಯೂಟ್ಯೂಬ್ ಪಂಡಿತರು ಮೂರನೇ ಕಡೆ. ಅವನ ಜೀವನವನ್ನ ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಮೂರೂ ಉತ್ತರ ಸರಿಯಿಲ್ಲ ಅಂತ ನನಗನ್ನಿಸುತ್ತೆ.

ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ವ್ಯೂರ್ಜ್‌ಬರ್ಗ್‌ನಲ್ಲಿ. ಅಪ್ಪ ಗ್ರೀಕ್ ವಿದ್ವಾಂಸ, ಮುಂದೆ ಮ್ಯೂನಿಕ್‌ನಲ್ಲಿ ಪ್ರೊಫೆಸರ್. ಹುಡುಗ ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದ, ಗಣಿತ ಅದಕ್ಕಿಂತ ಚೆನ್ನಾಗಿ ಬರ್ತಿತ್ತು. ಮ್ಯೂನಿಕ್‌ನಲ್ಲಿ ಸೊಮ್ಮರ್‌ಫೆಲ್ಡ್ ಹತ್ತಿರ ಓದಿ 21ನೇ ವಯಸ್ಸಿಗೇ ಪಿಎಚ್‌ಡಿ ಬರೆದ. ವಿಷಯ ಕ್ವಾಂಟಮ್ ಅಲ್ಲ, ಫ್ಲೂಯಿಡ್ ಟರ್ಬುಲೆನ್ಸ್! ಮೆಕ್ಯಾನಿಕಲ್ ಬ್ರಾಂಚಿನವರು ಹೆಮ್ಮೆ ಪಡಬಹುದು.

ಆದರೆ 1923ರ ವೈವಾದಲ್ಲಿ ಫೇಲ್ ಆಗೋದು ಸ್ವಲ್ಪದರಲ್ಲಿ ತಪ್ಪಿತು. ಪ್ರಯೋಗ ವಿಭಾಗದ ವಿಲ್ಹೆಲ್ಮ್ ವೀನ್ ಅನ್ನೋ ಪ್ರೊಫೆಸರ್ ಸೂಕ್ಷ್ಮದರ್ಶಕದ ರಿಸಾಲ್ವಿಂಗ್ ಪವರ್ ಕೇಳಿದ, ಗೊತ್ತಿಲ್ಲ. ಹೋಗಲಿ, ಬ್ಯಾಟರಿ ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದ, ಅದೂ ಗೊತ್ತಿಲ್ಲ. ವೀನ್ ಫೇಲ್ ಮಾಡ್ತೀನಿ ಅಂತ ಕೂತ, ಸೊಮ್ಮರ್‌ಫೆಲ್ಡ್ ಅತ್ಯುತ್ತಮ ದರ್ಜೆ ಕೊಡ್ತೀನಿ ಅಂದ, ಕೊನೆಗೆ ಎರಡರ ಸರಾಸರಿ ತೆಗೆದು ಪಾಸ್ ಮಾಡಿದರು. ಅವಮಾನ ತಡೆಯಲಾಗದೆ ಅದೇ ರಾತ್ರಿ ರೈಲು ಹತ್ತಿ ಗಾಟಿಂಗನ್‌ನ ಮ್ಯಾಕ್ಸ್ ಬಾರ್ನ್ ಹತ್ತಿರ ಹೋಗಿಬಿಟ್ಟ. ನಾಲ್ಕು ವರ್ಷದ ನಂತರ ಅನಿಶ್ಚಿತತಾ ತತ್ವದ ಪ್ರಬಂಧದಲ್ಲಿ ಸೂಕ್ಷ್ಮದರ್ಶಕದ ಉದಾಹರಣೆ ಕೊಟ್ಟಾಗ, ಅಲ್ಲೂ ರಿಸಾಲ್ವಿಂಗ್ ಪವರ್ ವಿಚಾರದಲ್ಲೇ ಎಡವಿದ, ನೀಲ್ಸ್ ಬೋರ್ ತಿದ್ದಬೇಕಾಯ್ತು. ಲ್ಯಾಬ್ ಕಡೆಗಿನ ಈ ಉದಾಸೀನ ಮುಂದೆ ಕಥೆಯಲ್ಲಿ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಮಿಕ್ಕಿದ್ದು ಎಲ್ಲರಿಗೂ ಗೊತ್ತಿರೋದೇ. 1925ರ ಜೂನ್‌ನಲ್ಲಿ ಪರಾಗದ ಅಲರ್ಜಿಯಿಂದ ಮುಖ ಊದಿಕೊಂಡು, ಗಿಡಮರ ಕಡಿಮೆ ಇರೋ ಹೆಲ್ಗೊಲ್ಯಾಂಡ್ ದ್ವೀಪಕ್ಕೆ ಹೋದವನು ಅಲ್ಲಿಂದ ಹೊಸ ಕ್ವಾಂಟಮ್ ಮೆಕ್ಯಾನಿಕ್ಸ್ ಜೊತೆ ವಾಪಸ್ ಬಂದ. ತಾನು ಬರೆದ ಕೋಷ್ಟಕಗಳಿಗೆ ಮ್ಯಾಟ್ರಿಕ್ಸ್ ಅಂತಾರೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ, ಬಾರ್ನ್ ಗುರುತಿಸಿದ. 1927ರಲ್ಲಿ ಅನಿಶ್ಚಿತತಾ ತತ್ವ. ಅದೇ ವರ್ಷ 25ನೇ ವಯಸ್ಸಿಗೆ ಲೈಪ್‌ಜಿಗ್‌ನಲ್ಲಿ ಪ್ರೊಫೆಸರ್. 1932ರ ನೊಬೆಲ್.

1933ರಲ್ಲಿ ಹಿಟ್ಲರ್ ಬಂದ. ಬಾರ್ನ್ ಸೇರಿದಂತೆ ಎಷ್ಟೋ ಯಹೂದಿ ವಿಜ್ಞಾನಿಗಳು ಕೆಲಸ ಕಳೆದುಕೊಂಡು ದೇಶ ಬಿಟ್ಟರು. ಹೈಸನ್‌ಬರ್ಗ್ ನಾಜಿ ಪಕ್ಷ ಸೇರಲಿಲ್ಲ, ದೇಶವನ್ನೂ ಬಿಡಲಿಲ್ಲ. ಐನ್‌ಸ್ಟೈನ್‌ನ ಸಾಪೇಕ್ಷತೆಯನ್ನ ಪಾಠ ಮಾಡ್ತಾನೆ ಅನ್ನೋ ಕಾರಣಕ್ಕೆ 1937ರಲ್ಲಿ ಎಸ್‌ಎಸ್‌ನ ಪತ್ರಿಕೆಯೊಂದು ಅವನನ್ನ ಬಿಳಿ ಯಹೂದಿ ಅಂತ ಕರೆದು ಬರೆಯಿತು. ಆ ಕಾಲದ ಜರ್ಮನಿಯಲ್ಲಿ ಇದು ಬರೀ ಬೈಗುಳ ಅಲ್ಲ, ಕ್ಯಾಂಪಿಗೆ ಹೋಗೋ ದಾರಿ. ಅವನ ಅಮ್ಮನಿಗೂ ಎಸ್‌ಎಸ್ ಮುಖ್ಯಸ್ಥ ಹಿಮ್ಲರ್‌ನ ಅಮ್ಮನಿಗೂ ಪರಿಚಯ ಇತ್ತು. ಅಮ್ಮನ ಕೈಯಿಂದ ಅಮ್ಮನ ಕೈಗೆ ಪತ್ರ ಹೋಯ್ತು. ಒಂದು ವರ್ಷ ತನಿಖೆ ನಡೆದು 1938ರ ಜುಲೈನಲ್ಲಿ ಹಿಮ್ಲರ್ ಅವನ ಮೇಲಿನ ದಾಳಿ ನಿಲ್ಲಿಸಿದ. ಜೀವ ಉಳಿಯಿತು, ಆದರೆ ಯಾರ ಕೃಪೆಯಿಂದ ಉಳಿಯಿತು ಅನ್ನೋದು ಅವನಿಗೂ ಗೊತ್ತಿತ್ತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಆಟೋ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಪರಮಾಣು ಒಡೆದದ್ದನ್ನ ಕಂಡುಹಿಡಿದರು. ಅದನ್ನ ವಿವರಿಸಿದ್ದು, ಕೆಲವೇ ತಿಂಗಳ ಹಿಂದೆ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿದ್ದ ಲೀಸೆ ಮೈಟ್ನರ್ ಮತ್ತು ಅವಳ ಅಕ್ಕನ ಮಗ ಆಟೋ ಫ್ರಿಶ್. 1939ರ ಬೇಸಿಗೆಯಲ್ಲಿ ಹೈಸನ್‌ಬರ್ಗ್ ಅಮೆರಿಕಕ್ಕೆ ಹೋದಾಗ ಫರ್ಮಿ ಮತ್ತಿತರ ಗೆಳೆಯರು ಇಲ್ಲೇ ಇದ್ದುಬಿಡು ಅಂತ ಒತ್ತಾಯ ಮಾಡಿದರು. ಒಪ್ಪಲಿಲ್ಲ, ಹಡಗು ಹತ್ತಿ ವಾಪಸ್ ಹೋದ. ಸೆಪ್ಟೆಂಬರ್ 1ಕ್ಕೆ ಯುದ್ಧ ಶುರು, ಅದೇ ತಿಂಗಳ ಕೊನೆಗೆ ಅವನು ಸೈನ್ಯದ ಯುರೇನಿಯಂ ಕ್ಲಬ್ಬಿನ ಸಭೆಯಲ್ಲಿದ್ದ.

ಇಲ್ಲಿಂದ ಎರಡು ವರ್ಷ ಜರ್ಮನಿ ನಿಜವಾಗಿಯೂ ಹಿಂದೆ ಇರಲಿಲ್ಲ. ಡಿಸೆಂಬರ್ ಹೊತ್ತಿಗೇ ರಿಯಾಕ್ಟರ್ ಹೇಗಿರಬೇಕು ಅಂತ ಅವನ ವರದಿ ರೆಡಿ. ಯುರೇನಿಯಂ-235ನ್ನ ಬೇರೆ ಮಾಡಿದರೆ ಅತಿ ಶಕ್ತಿಯ ಸ್ಫೋಟಕ ಸಿಗುತ್ತೆ ಅನ್ನೋದೂ ಅದರಲ್ಲೇ ಇತ್ತು. 1940ರಲ್ಲಿ ಅವನ ಶಿಷ್ಯ ವೈಜ್‌ಸ್ಯಾಕರ್, ರಿಯಾಕ್ಟರ್ ಒಳಗೆ ಹುಟ್ಟೋ ಹೊಸ ಮೂಲವಸ್ತುವನ್ನೂ ಸ್ಫೋಟಕವಾಗಿ ಬಳಸಬಹುದು ಅಂತ ಬರೆದ. ಅಂದರೆ ಬಾಂಬಿನ ಎರಡೂ ದಾರಿ ಕಾಗದದ ಮೇಲೆ ಸಿಕ್ಕಿತ್ತು. ಅವರಿಗೆ ಗೊತ್ತೇ ಇರಲಿಲ್ಲ ಅನ್ನೋ ವಾದ ಇಲ್ಲಿ ಬಿದ್ದುಹೋಗುತ್ತೆ.

ಗಾಡಿ ಕೆಟ್ಟದ್ದು ವರ್ಕ್‌ಶಾಪ್‌ನಲ್ಲಿ. ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್ ವೇಗ ತಗ್ಗಿಸೋಕೆ ಮಾಡರೇಟರ್ ಬೇಕು. ಗ್ರಾಫೈಟ್ ಅಥವಾ ಭಾರಜಲ. 1941ರಲ್ಲಿ ವಾಲ್ಟರ್ ಬೋಥೆ ಗ್ರಾಫೈಟ್ ಅಳೆದು ನೋಡಿ, ಇದು ನ್ಯೂಟ್ರಾನ್‌ಗಳನ್ನ ತುಂಬಾ ನುಂಗುತ್ತೆ, ಆಗಲ್ಲ ಅಂತ ಹೇಳಿದ. ತಪ್ಪು ಗ್ರಾಫೈಟ್‌ನದಲ್ಲ, ಅದರೊಳಗಿದ್ದ ಕಲ್ಮಶದ್ದು, ಮುಖ್ಯವಾಗಿ ಬೋರಾನ್. ಅಮೆರಿಕದಲ್ಲಿ ಸಿಲಾರ್ಡ್ ಇದನ್ನ ಊಹಿಸಿ ಕಂಪನಿಗಳ ಹಿಂದೆ ಬಿದ್ದು ಶುದ್ಧ ಗ್ರಾಫೈಟ್ ಮಾಡಿಸಿದ. ಜರ್ಮನಿ ಭಾರಜಲಕ್ಕೆ ಅಂಟಿಕೊಂಡಿತು. ಅದು ಸಿಗ್ತಾ ಇದ್ದದ್ದು ಒಂದೇ ಕಡೆ, ನಾರ್ವೆಯ ವೆಮೋರ್ಕ್ ಕಾರ್ಖಾನೆ. 1943ರ ಫೆಬ್ರವರಿಯಲ್ಲಿ ನಾರ್ವೆಯ ಕಮಾಂಡೋಗಳು ಅಲ್ಲಿನ ಸೆಲ್‌ಗಳನ್ನ ಉಡಾಯಿಸಿದರು, ನವೆಂಬರ್‌ನಲ್ಲಿ ಅಮೆರಿಕದ ವಿಮಾನಗಳು ಬಾಂಬು ಹಾಕಿದವು, 1944ರ ಫೆಬ್ರವರಿಯಲ್ಲಿ ಉಳಿದ ಭಾರಜಲ ಹೊತ್ತ ದೋಣಿಯನ್ನೂ ಸರೋವರದಲ್ಲಿ ಮುಳುಗಿಸಿದರು. ಒಂದೇ ಸಪ್ಲೈಯರ್ ನಂಬಿಕೊಂಡ ಪ್ರಾಜೆಕ್ಟ್‌ನ ಗತಿ.

1941ರ ಸೆಪ್ಟೆಂಬರ್‌ಗೆ ಸ್ವಲ್ಪ ಹಿಂದೆ ಹೋಗೋಣ. ಆಗ ಹೈಸನ್‌ಬರ್ಗ್ ಕೋಪನ್‌ಹೇಗನ್‌ಗೆ ಹೋಗಿ ತನ್ನ ಗುರುವಿನಂತಿದ್ದ ಬೋರ್‌ನನ್ನ ಭೇಟಿ ಮಾಡಿದ. ಡೆನ್ಮಾರ್ಕ್ ಜರ್ಮನಿಯ ಕೈಯಲ್ಲಿತ್ತು, ಬೋರ್‌ನ ತಾಯಿ ಯಹೂದಿ. ಇಬ್ಬರೂ ಖಾಸಗಿಯಾಗಿ ಬಾಂಬಿನ ವಿಷಯ ಮಾತಾಡಿದರು, ಸ್ನೇಹ ಅಲ್ಲಿಗೇ ಬಿರುಕು ಬಿಟ್ಟಿತು. ಬಾಂಬು ಮಾಡೋದು ಬೇಡ ಅಂತ ಎರಡೂ ಕಡೆಯ ವಿಜ್ಞಾನಿಗಳು ಒಪ್ಪಿಕೊಳ್ಳಬಹುದಾ ಅಂತ ಸೂಚಿಸೋಕೆ ಹೋಗಿದ್ದೆ ಅನ್ನೋದು ಹೈಸನ್‌ಬರ್ಗ್ ನಂತರ ಕೊಟ್ಟ ವಿವರಣೆ. ಬೋರ್‌ಗೆ ಕೇಳಿಸಿದ್ದೇ ಬೇರೆ. ಈ ಒಂದು ಭೇಟಿಯ ಮೇಲೆ ಮೈಕೆಲ್ ಫ್ರೇನ್ 1998ರಲ್ಲಿ ಕೋಪನ್‌ಹೇಗನ್ ಅನ್ನೋ ನಾಟಕವನ್ನೇ ಬರೆದ.

ಈಗ ಅನಾನಸ್ ಕಥೆ. 1942ರ ಫೆಬ್ರವರಿಯ ಸೈನ್ಯದ ಒಂದು ವರದಿಯಲ್ಲಿ ಬಾಂಬಿಗೆ 10ರಿಂದ 100 ಕೆಜಿ ಸ್ಫೋಟಕ ಬೇಕಾಗಬಹುದು ಅಂತ ಅಂದಾಜಿತ್ತು. ಯಾರು ಲೆಕ್ಕ ಹಾಕಿದರು ಅನ್ನೋ ವಿವರಣೆ ಅದರಲ್ಲಿ ಇಲ್ಲ. ಜೂನ್ 4ರಂದು ಬರ್ಲಿನ್‌ನಲ್ಲಿ ಹೈಸನ್‌ಬರ್ಗ್ ಶಸ್ತ್ರಾಸ್ತ್ರ ಮಂತ್ರಿ ಸ್ಪೇರ್ ಮುಂದೆ ಮಾತಾಡಿದ. ಒಂದು ನಗರವನ್ನ ಹಾಳು ಮಾಡೋಕೆ ಬಾಂಬು ಎಷ್ಟು ದೊಡ್ಡದಿರಬೇಕು ಅಂತ ವಾಯುಪಡೆಯ ಮಿಲ್ಕ್ ಕೇಳಿದ. ಅಲ್ಲಿದ್ದವರೊಬ್ಬರು ಯುದ್ಧದ ನಂತರ ನೆನಪಿಸಿಕೊಂಡ ಪ್ರಕಾರ, ಹೈಸನ್‌ಬರ್ಗ್ ಕೈಯಲ್ಲೇ ಅಳತೆ ತೋರಿಸಿ, ಹೆಚ್ಚು ಕಡಿಮೆ ಅನಾನಸ್ ಗಾತ್ರ ಅಂದ. ಆದರೆ ಮಾಡೋಕೆ ವರ್ಷಗಳು ಬೇಕು ಅಂತಲೂ ಹೇಳಿದ. ಪ್ರಾಜೆಕ್ಟಿಗೆ ಕೇಳಿದ ಹಣ ಎಷ್ಟು ಕಡಿಮೆ ಅಂದರೆ ಸ್ಪೇರ್‌ಗೇ ಆಶ್ಚರ್ಯ ಆಯ್ತು. ಬಾಂಬಿನ ಆಸೆ ಅವತ್ತಿಗೆ ಕೈಬಿಟ್ಟು ರಿಯಾಕ್ಟರ್ ಮಾತ್ರ ಮುಂದುವರಿಸಿದರು. ಅದೇ ತಿಂಗಳು 23ಕ್ಕೆ ಲೈಪ್‌ಜಿಗ್‌ನ ಪ್ರಯೋಗದ ಗೋಳಕ್ಕೆ ನೀರು ನುಗ್ಗಿ ಹೈಡ್ರೋಜನ್ ಹುಟ್ಟಿ ಬೆಂಕಿ ಹತ್ತಿಕೊಂಡಿತು. ಹೈಸನ್‌ಬರ್ಗ್ ಮತ್ತು ಡೋಪೆಲ್ ಓಡಿ ಪಾರಾದರು.

ಅದೇ ವರ್ಷ ಡಿಸೆಂಬರ್ 2ರಂದು ಷಿಕಾಗೋದಲ್ಲಿ ಫರ್ಮಿಯ ರಿಯಾಕ್ಟರ್ ಕ್ರಿಟಿಕಲ್ ಆಯ್ತು. ಮ್ಯಾನ್‌ಹ್ಯಾಟನ್ ಪ್ರಾಜೆಕ್ಟ್ ಸುಮಾರು 200 ಕೋಟಿ ಡಾಲರ್ ತಿಂದಿತು, ಒಂದು ಹಂತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಮಾಡ್ತಾ ಇದ್ದರು. ಅವರಲ್ಲಿ ಫಿಸಿಸಿಸ್ಟ್‌ಗಳು ಬೆರಳೆಣಿಕೆ, ಬಾಕಿ ಎಲ್ಲ ಕೆಮಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಿವಿಲ್ ಎಂಜಿನಿಯರ್‌ಗಳು ಮತ್ತು ಕಾರ್ಮಿಕರು. ಜರ್ಮನಿಯಲ್ಲಿ ಇದ್ದದ್ದು ಪ್ರೊಫೆಸರ್‌ಗಳ ಕೆಲವು ಗುಂಪುಗಳು, ಅವೂ ಒಂದಕ್ಕೊಂದು ಯುರೇನಿಯಂ ಬಿಟ್ಟುಕೊಡದ ಗುಂಪುಗಳು. ಸೈನ್ಯದ ಕುರ್ಟ್ ಡೀಬ್ನರ್ ಯುರೇನಿಯಂನ ಘನಗಳನ್ನ ಭಾರಜಲದಲ್ಲಿ ನೇತುಹಾಕಿ ಒಳ್ಳೆ ಫಲಿತಾಂಶ ತೋರಿಸಿದ. ಹೈಸನ್‌ಬರ್ಗ್ ಮಾತ್ರ ಬಹಳ ಕಾಲ ತಟ್ಟೆಗಳನ್ನೇ ಹಿಡಿದು ಕೂತ, ಅವುಗಳ ಲೆಕ್ಕ ಕಾಗದದ ಮೇಲೆ ಸುಲಭ ಅಂತ. ವೀನ್ ಕೇಳಿದ ಬ್ಯಾಟರಿ ಪ್ರಶ್ನೆ ನನಗೆ ನೆನಪಾಗೋದು ಇಲ್ಲೇ.

ಯುದ್ಧದ ಮಧ್ಯೆ ಇನ್ನೊಂದು ಸಣ್ಣ ಘಟನೆ. ಹೈಸನ್‌ಬರ್ಗ್‌ನ ಹಳೆ ಗೆಳೆಯ, ಡಚ್ ಮೂಲದ ಸ್ಯಾಮ್ ಗೌಡ್ಸ್‌ಮಿಟ್ ಅಮೆರಿಕದಲ್ಲಿದ್ದ, ಅವನ ವಯಸ್ಸಾದ ಯಹೂದಿ ಅಪ್ಪ ಅಮ್ಮ ಹಾಲೆಂಡ್‌ನಲ್ಲಿ ಸಿಕ್ಕಿಬಿದ್ದರು. ಇನ್ನೊಬ್ಬ ಡಚ್ ವಿಜ್ಞಾನಿ ಸಹಾಯ ಕೇಳಿದಾಗ ಹೈಸನ್‌ಬರ್ಗ್ ಅವರ ಪರವಾಗಿ ಒಂದು ಎಚ್ಚರಿಕೆಯ ಪತ್ರ ಬರೆದ. ಆ ಹೊತ್ತಿಗೆ ಅವರಿಬ್ಬರನ್ನೂ ಆಶ್ವಿಟ್ಜ್‌ನಲ್ಲಿ ಕೊಂದು ಆಗಿತ್ತು. ಯುದ್ಧದ ಕೊನೆಗೆ ಜರ್ಮನ್ ಬಾಂಬನ್ನ ಹುಡುಕೋ ಆಲ್ಸೋಸ್ ತಂಡಕ್ಕೆ ಅಮೆರಿಕ ವಿಜ್ಞಾನಿ ಮುಖ್ಯಸ್ಥನಾಗಿ ಕಳಿಸಿದ್ದು ಇದೇ ಗೌಡ್ಸ್‌ಮಿಟ್‌ನನ್ನ.

ಭಯ ಎಷ್ಟಿತ್ತು ಅಂದರೆ, 1944ರ ಡಿಸೆಂಬರ್‌ನಲ್ಲಿ ಹೈಸನ್‌ಬರ್ಗ್ ಜ್ಯೂರಿಕ್‌ನಲ್ಲಿ ಲೆಕ್ಚರ್ ಕೊಟ್ಟಾಗ ಪ್ರೇಕ್ಷಕರ ಸಾಲಲ್ಲಿ ಮೋ ಬರ್ಗ್ ಅನ್ನೋ ಮಾಜಿ ಬೇಸ್‌ಬಾಲ್ ಆಟಗಾರ ಜೇಬಲ್ಲಿ ಪಿಸ್ತೂಲ್ ಇಟ್ಟುಕೊಂಡು ಕೂತಿದ್ದ. ಬಾಂಬು ಹತ್ತಿರ ಇದೆ ಅನ್ನೋ ಸುಳಿವು ಸಿಕ್ಕರೆ ಗುಂಡು ಹೊಡೆಯಬೇಕು ಅಂತ ಆದೇಶ. ಲೆಕ್ಚರ್ ಇದ್ದದ್ದು ಎಸ್-ಮ್ಯಾಟ್ರಿಕ್ಸ್ ಮೇಲೆ. ಬರ್ಗ್ ಗುಂಡು ಹೊಡೆಯಲಿಲ್ಲ.

ಅವನು ಹೊಡೆಯದೆ ಇದ್ದದ್ದು ಸರಿ ಅಂತ ನಾಲ್ಕು ತಿಂಗಳಲ್ಲಿ ಗೊತ್ತಾಯ್ತು. ಬರ್ಲಿನ್ ಬಿಟ್ಟು ಬಂದ ಹೈಸನ್‌ಬರ್ಗ್ ತಂಡದ ಕೊನೆಯ ರಿಯಾಕ್ಟರ್ ಇದ್ದದ್ದು ದಕ್ಷಿಣದ ಹೈಗರ್‌ಲೋಖ್ ಅನ್ನೋ ಪುಟ್ಟ ಊರಲ್ಲಿ, ಚರ್ಚ್ ಕೆಳಗಿನ ಬಂಡೆ ಕೊರೆದ ನೆಲಮಾಳಿಗೆಯಲ್ಲಿ. 5 ಸೆಂಟಿಮೀಟರ್‌ನ 664 ಯುರೇನಿಯಂ ಘನಗಳನ್ನ ತಂತಿಗೆ ಕಟ್ಟಿ, ಸುಮಾರು ಒಂದೂವರೆ ಟನ್ ಭಾರಜಲದಲ್ಲಿ ಇಳಿಬಿಟ್ಟಿದ್ದರು. ಕೊನೆಗೂ ಡೀಬ್ನರ್‌ನ ಘನಗಳೇ! 1945ರ ಮಾರ್ಚ್‌ನಲ್ಲಿ ನ್ಯೂಟ್ರಾನ್‌ಗಳು ಆರೇಳು ಪಟ್ಟು ಹೆಚ್ಚಿದವು, ಆದರೆ ಸರಪಳಿ ಕ್ರಿಯೆ ತಾನಾಗೇ ನಡೆಯಲಿಲ್ಲ. ಇನ್ನೂ ಅರ್ಧದಷ್ಟು ಸಾಮಾನು ಬೇಕಿತ್ತು. ಡೀಬ್ನರ್ ಗುಂಪಿನ ಹತ್ತಿರ ಸುಮಾರು 400 ಘನ ಬೇರೆ ಇದ್ದವು. ಎರಡೂ ಸೇರಿದ್ದರೆ ಪ್ರಾಯಶಃ ಕ್ರಿಟಿಕಲ್ ಆಗ್ತಿತ್ತು ಅಂತ ಇತ್ತೀಚೆಗೆ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹಾಗೆ ಆಗಿದ್ದರೂ ಅದು ಬಾಂಬಲ್ಲ, ಫರ್ಮಿ ಎರಡು ವರ್ಷ ಹಿಂದೆ ದಾಟಿದ್ದ ಮೊದಲ ಮೆಟ್ಟಿಲು. ಇನ್ನು ಯೂಟ್ಯೂಬ್ ಪಂಡಿತರ ಟೆಸ್ಟ್. 2005ರಲ್ಲಿ ಜರ್ಮನ್ ಇತಿಹಾಸಕಾರ ರೈನರ್ ಕಾರ್ಲ್ಷ್ ಥುರಿಂಜಿಯಾದಲ್ಲಿ ಬಾಂಬು ಪರೀಕ್ಷೆ ಆಗಿತ್ತು ಅಂತ ಪುಸ್ತಕ ಬರೆದ. ಅಲ್ಲಿನ ಮಣ್ಣನ್ನ ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆ ಪರೀಕ್ಷಿಸಿದಾಗ ಪುರಾವೆ ಏನೂ ಸಿಗಲಿಲ್ಲ. ಹೈಗರ್‌ಲೋಖ್ ಕಾಲದ ಘನಗಳನ್ನ ಕಾರ್ಲ್ಸ್‌ರೂಹೆಯಲ್ಲಿ ವಿಶ್ಲೇಷಿಸಿದಾಗಲೂ ಅದರಲ್ಲಿದ್ದ ಪ್ಲುಟೋನಿಯಂ ಪ್ರಕೃತಿಯಲ್ಲಿ ಇರುವಷ್ಟೇ. ಜೋರಾದ ಸರಪಳಿ ಕ್ರಿಯೆ ಕಂಡ ಯುರೇನಿಯಂ ಅಲ್ಲ ಅದು.

ಅಮೆರಿಕನ್ನರು ಊರಿಗೆ ಬರೋ ಮೊದಲೇ ಹೈಸನ್‌ಬರ್ಗ್ ಸೈಕಲ್ ಹತ್ತಿ, ವಿಮಾನ ದಾಳಿಗೆ ಹೆದರಿ ರಾತ್ರಿ ತುಳಿಯುತ್ತಾ, ಸುಮಾರು 250 ಕಿಲೋಮೀಟರ್ ದೂರದ ಉರ್‌ಫೆಲ್ಡ್‌ನಲ್ಲಿದ್ದ ಹೆಂಡತಿ ಮಕ್ಕಳ ಹತ್ತಿರ ಹೋದ. ಮೇ 3ರಂದು ಅಲ್ಲೇ ಸಿಕ್ಕಿಬಿದ್ದ.

ಹಾನ್, ವೈಜ್‌ಸ್ಯಾಕರ್, ಡೀಬ್ನರ್ ಸೇರಿ ಹತ್ತು ವಿಜ್ಞಾನಿಗಳನ್ನ ಇಂಗ್ಲೆಂಡಿನ ಫಾರ್ಮ್ ಹಾಲ್ ಅನ್ನೋ ಬಂಗಲೆಯಲ್ಲಿ ಆರು ತಿಂಗಳು ಇಟ್ಟರು. ಪಿಯಾನೋ, ತೋಟ, ಒಳ್ಳೆ ಊಟ, ಮತ್ತು ಗೋಡೆಗಳಲ್ಲಿ ಮೈಕ್ರೋಫೋನ್. ಮೈಕ್ ಇರಬಹುದಾ ಅಂತ ಡೀಬ್ನರ್ ಅನುಮಾನ ಪಟ್ಟಾಗ ಹೈಸನ್‌ಬರ್ಗ್ ನಕ್ಕುಬಿಟ್ಟ, ಬ್ರಿಟಿಷರಿಗೆ ಅಷ್ಟು ಬುದ್ಧಿ ಎಲ್ಲಿ ಅಂತ. ಆ ನಗುವೂ ರೆಕಾರ್ಡ್ ಆಗಿದೆ.

1945ರ ಆಗಸ್ಟ್ 6ರ ಸಂಜೆ ರೇಡಿಯೋದಲ್ಲಿ ಹಿರೋಷಿಮಾ ಸುದ್ದಿ ಬಂತು. ಹೈಸನ್‌ಬರ್ಗ್ ಮೊದಲು ನಂಬಲೇ ಇಲ್ಲ. ಆಮೇಲೆ ಆ ರಾತ್ರಿ ಹಾನ್‌ಗೆ ಲೆಕ್ಕ ವಿವರಿಸಿದ. ನೀವೂ ಒಂದು ಪೇಪರ್ ತಗೊಳ್ಳಿ, ಸುಲಭ ಇದೆ. ಸರಿಯಾದ ಸ್ಫೋಟಕ್ಕೆ ಸುಮಾರು 80 ತಲೆಮಾರು ಫಿಷನ್ ಆಗಬೇಕು, ಪ್ರತಿ ಸಲ ನ್ಯೂಟ್ರಾನ್ ಡಬಲ್. ಎರಡು ಡಿಕ್ಕಿಗಳ ನಡುವೆ ನ್ಯೂಟ್ರಾನ್ ಸುಮಾರು 6 ಸೆಂಟಿಮೀಟರ್ ಹೋಗುತ್ತೆ, ಕುಡುಕನ ನಡಿಗೆಯ ಹಾಗೆ ದಿಕ್ಕಿಲ್ಲದೆ. ಹಾಗಾಗಿ ಒಟ್ಟು ದೂರ 80ರ ವರ್ಗಮೂಲ ಗುಣಿಸು 6, ಅಂದರೆ ಸುಮಾರು 54 ಸೆಂಟಿಮೀಟರ್. ಅಷ್ಟು ತ್ರಿಜ್ಯದ ಯುರೇನಿಯಂ ಗೋಳ ಬೇಕು ಅಂದ, ತೂಕ ಟನ್ ಲೆಕ್ಕದಲ್ಲಿ ಹೇಳಿದ. ನಾವು ಘನಫಲ ಹಾಕಿ ನೋಡಿದರೆ 12 ಟನ್ ದಾಟುತ್ತೆ. ನಿಜವಾದ ಉತ್ತರ, ಬರೀ ಗೋಳಕ್ಕೆ, ಸುಮಾರು 52 ಕೆಜಿ. ತ್ರಿಜ್ಯ 9 ಸೆಂಟಿಮೀಟರ್‌ಗೂ ಕಡಿಮೆ.

ತಪ್ಪು ಎಲ್ಲಿದೆ? ಎಲ್ಲಾ ನ್ಯೂಟ್ರಾನ್‌ಗಳೂ ಕೊನೆತನಕ ಒಳಗೇ ಇರಬೇಕು ಅಂತ ಅವನು ಅಂದುಕೊಂಡಿದ್ದ. ಪ್ರತಿ ಫಿಷನ್ನಿಗೆ ಸರಾಸರಿ ಎರಡೂವರೆ ನ್ಯೂಟ್ರಾನ್ ಹುಟ್ಟುತ್ತೆ, ಎಷ್ಟೋ ಹೊರಗೆ ಓಡಿಹೋದರೂ ಹುಟ್ಟೋದು ಹೆಚ್ಚಿದ್ದರೆ ಸಾಕು. ಇದನ್ನ 1940ರ ಮಾರ್ಚ್‌ನಲ್ಲೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಬ್ಬರು ಯೋಚಿಸಿದ್ದರು. ಒಬ್ಬ ಮೈಟ್ನರ್‌ನ ಅಕ್ಕನ ಮಗ ಫ್ರಿಶ್, ಇನ್ನೊಬ್ಬ ಪೈಯರ್ಲ್ಸ್, ಹೈಸನ್‌ಬರ್ಗ್‌ನದೇ ಹಳೆ ವಿದ್ಯಾರ್ಥಿ. ಇಬ್ಬರೂ ಹಿಟ್ಲರನಿಂದ ದೇಶ ಕಳೆದುಕೊಂಡವರು, ವಿದೇಶಿಯರು ಅನ್ನೋ ಕಾರಣಕ್ಕೆ ರೇಡಾರ್ ಕೆಲಸಕ್ಕೆ ಸೇರಿಸಿರಲಿಲ್ಲ. ಅವರಿಗೆ ಬಂದ ಉತ್ತರ ಅರ್ಧ ಕೆಜಿ ಆಸುಪಾಸು, ತೀರಾ ಕಮ್ಮಿ. ಆದರೆ ಆ ಕಡಿಮೆ ಉತ್ತರವೇ ಬ್ರಿಟನ್ನನ್ನ ಎಬ್ಬಿಸಿತು.

ಫಾರ್ಮ್ ಹಾಲ್‌ನ ಆ ರಾತ್ರಿ ಹಾನ್ ಒಂದು ಒಳ್ಳೆ ಪ್ರಶ್ನೆ ಹಾಕಿದ. ಮೊದಲು ನನಗೆ 50 ಕೆಜಿ ಅಂತ ಹೇಳ್ತಿದ್ದೆ, ಈಗ ಟನ್ ಅಂತೀಯ, ಯಾಕೆ ಅಂತ. ಹೈಸನ್‌ಬರ್ಗ್ ಸರಿಯಾಗಿ ಉತ್ತರ ಕೊಡಲಿಲ್ಲ. ಎಂಟು ದಿನ ಕೂತು, ಆಗಸ್ಟ್ 14ಕ್ಕೆ ಉಳಿದವರಿಗೆ ಒಂದು ಲೆಕ್ಚರ್ ಕೊಟ್ಟ. ಈ ಸಲ ವಿಧಾನ ಸರಿ, ಪ್ರತಿಫಲಕ ಸುತ್ತಿದ ಬಾಂಬಿಗೆ ಬಂದ ಉತ್ತರ 16 ಕೆಜಿ ಆಸುಪಾಸು.

ನನ್ನ ಪ್ರಕಾರ ಇಡೀ ಜಗಳದ ಬೀಗದ ಕೈ ಈ ಎಂಟು ದಿನ. ಎಂಟು ದಿನದಲ್ಲಿ ಮಾಡೋ ಲೆಕ್ಕವನ್ನ ಆರು ವರ್ಷದಲ್ಲಿ ಮಾಡಿರಲಿಲ್ಲ. ಬರ್ತಿರಲಿಲ್ಲ ಅನ್ನೋ ಮಾತು ಸುಳ್ಳು, ಬರ್ತಿತ್ತು. ಗೊತ್ತಿದ್ದೂ ಹಿಟ್ಲರನಿಂದ ಬಚ್ಚಿಟ್ಟ ಅನ್ನೋದೂ ನಿಲ್ಲಲ್ಲ, ಬಚ್ಚಿಟ್ಟವನು ಯುದ್ಧ ಮುಗಿದ ಮೇಲೆ ಆಪ್ತ ಗೆಳೆಯನಿಗೆ ತಪ್ಪು ಲೆಕ್ಕ ಯಾಕೆ ಹೇಳಬೇಕು? ಅನಾನಸ್, 50 ಕೆಜಿ, ಟನ್, ಮೂರೂ ಅವನ ಬಾಯಿಂದಲೇ ಬಂದಿವೆ ಅಂದರೆ ಯಾವುದನ್ನೂ ಅವನು ಕೂತು ಸಾಧಿಸಿರಲಿಲ್ಲ. ಯುರೇನಿಯಂ-235ನ್ನ ಬೇರ್ಪಡಿಸೋದು ಯುದ್ಧದೊಳಗೆ ಆಗದ ಕೆಲಸ ಅಂತ 1942ಕ್ಕೇ ತೀರ್ಮಾನ ಆಗಿತ್ತು, ಅಮೆರಿಕದವರಿಗೂ ಆಗಲ್ಲ ಅಂತ ನಂಬಿಕೆ. ಆಗದ ಬಾಂಬಿನ ತೂಕ ಯಾರಿಗೆ ಬೇಕು? ಬೇಡ ಅನ್ನೋ ನಿರ್ಧಾರವನ್ನ ಅವನು ತಗೊಳ್ಳಲೇ ಇಲ್ಲ, ತಗೊಳ್ಳೋ ಸಂದರ್ಭವೇ ಬರಲಿಲ್ಲ. ಆದರೆ ಬಂದಿದ್ದರೆ ಏನು ಮಾಡ್ತಿದ್ದ ಅನ್ನೋ ಪ್ರಶ್ನೆಯಿಂದ ಅವನಿಗೆ ಬಿಡುಗಡೆ ಸಿಗಲಿಲ್ಲ.

ನಾವು ಬೇಕಂತಲೇ ಮಾಡಲಿಲ್ಲ ಅನ್ನೋ ಕಥೆ ಹುಟ್ಟಿದ್ದು ಅದೇ ಬಂಗಲೆಯಲ್ಲಿ, ಮುಖ್ಯವಾಗಿ ವೈಜ್‌ಸ್ಯಾಕರ್ ಬಾಯಲ್ಲಿ. 1956ರಲ್ಲಿ ರಾಬರ್ಟ್ ಯುಂಕ್ ಬರೆದ ಪುಸ್ತಕ ಅದನ್ನ ಜಗತ್ತಿಗೆಲ್ಲ ಹಂಚಿತು. ಹೈಸನ್‌ಬರ್ಗ್ ಅದನ್ನ ಪೂರ್ತಿ ಒಪ್ಪಲೂ ಇಲ್ಲ, ಗಟ್ಟಿಯಾಗಿ ಅಲ್ಲಗಳೆಯಲೂ ಇಲ್ಲ. ಅವನ ಮೇಲೆ ನನಗೆ ಸಿಟ್ಟು ಬರೋದು ಇಲ್ಲಿ, ರಿಯಾಕ್ಟರ್ ವಿಚಾರದಲ್ಲಿ ಅಲ್ಲ.

ಯುದ್ಧದ ನಂತರ ಗಾಟಿಂಗನ್‌ನಲ್ಲಿ, 1958ರಿಂದ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ನಡೆಸಿದ, ಜರ್ಮನಿಯ ವಿಜ್ಞಾನವನ್ನ ಮತ್ತೆ ಕಟ್ಟಿದವರಲ್ಲಿ ಒಬ್ಬನಾದ. 1957ರಲ್ಲಿ ಪಶ್ಚಿಮ ಜರ್ಮನಿ ಅಣ್ವಸ್ತ್ರದ ಮಾತೆತ್ತಿದಾಗ, ನಾವು ಅದರಲ್ಲಿ ಕೈ ಹಾಕಲ್ಲ ಅಂತ 18 ವಿಜ್ಞಾನಿಗಳು ಸಹಿ ಹಾಕಿದರು. ಹೈಸನ್‌ಬರ್ಗ್, ಹಾನ್, ವೈಜ್‌ಸ್ಯಾಕರ್ ಮೂವರೂ ಅದರಲ್ಲಿದ್ದರು. ಈ ಸಲ ಬೇಡ ಅಂದದ್ದು ಎಲ್ಲರ ಮುಂದೆ, ಬರವಣಿಗೆಯಲ್ಲಿ.

ಸುಮಾರು ಅದೇ ಸಮಯಕ್ಕೆ ಕೋಪನ್‌ಹೇಗನ್‌ನಲ್ಲಿ ಬೋರ್ ಯುಂಕ್‌ನ ಪುಸ್ತಕದ ಡ್ಯಾನಿಷ್ ಅನುವಾದ ಓದಿದ. 1941ರ ಭೇಟಿ ಬಗ್ಗೆ ಹೈಸನ್‌ಬರ್ಗ್ ಹೇಳಿಕೊಂಡದ್ದು ನೋಡಿ ಅವನಿಗೆ ಪತ್ರ ಬರೆಯೋಕೆ ಕೂತ. ಜರ್ಮನಿಯಲ್ಲಿ ನಿನ್ನ ಮುಂದಾಳತ್ವದಲ್ಲಿ ಅಣ್ವಸ್ತ್ರಕ್ಕೆ ಎಲ್ಲ ಪ್ರಯತ್ನ ನಡೀತಿದೆ ಅನ್ನೋ ಅಭಿಪ್ರಾಯವೇ ನಿನ್ನ ಮಾತಿಂದ ನನಗೆ ಬಂದಿತ್ತು ಅನ್ನೋದು ಅದರ ಸಾರ. ತಿದ್ದಿದ, ಮತ್ತೆ ಬರೆದ, ವರ್ಷಗಟ್ಟಲೆ ಕರಡಿನ ಮೇಲೆ ಕರಡು ಮಾಡಿದ. ಬೋರ್ 1962ರಲ್ಲಿ ತೀರಿಕೊಂಡ, ಹೈಸನ್‌ಬರ್ಗ್ 1976ರ ಫೆಬ್ರವರಿ 1ರಂದು. ಕರಡುಗಳು ಹೊರಗೆ ಬಂದದ್ದು 2002ರಲ್ಲಿ. ಅವುಗಳಲ್ಲಿ ಒಂದನ್ನೂ ಬೋರ್ ಪೋಸ್ಟ್ ಮಾಡಿರಲಿಲ್ಲ.